ಅಕ್ಕೋರು ಹಿಮದಲ್ಲಿ ನಿಂತಿದ್ದರೇ?

ಸಿಡ್ನಿಯ ಹ್ಯಾರಿಸ್ ಪಾರ್ಕಿನ ಅಂಗಡಿಯಿಂದ ತಂದ ತೆಂಗಿನ ತುರಿ ಸಿಂಕಿನಲ್ಲಿ ಕರಗುತ್ತಿದೆ. ಕಲ್ಲಿನಂತಿದ್ದದ್ದು ಮೆತ್ತಗಾಗಿ ಪ್ಯಾಕೆಟ್ಟಿನ ಮೂಲೆಯಿಂದ ಬಿಳಿ ನೀರು ಜಿನುಗುತ್ತಿದೆ. ತಾಜಾ ಕಾಯಿಯೆಂದು ನಂಬಿಸಲು ಮೇಲೆ ತೆಂಗಿನ ಮರದ ಚಿತ್ರ ಬೇರೆ. ಮೂಗಿನ ಹತ್ತಿರ ಹಿಡಿದರೆ ನನಗೆ ಬರುವುದು ಮಣ್ಣಿನ ವಾಸನೆ. ಮಣ್ಣಿನ ವಾಸನೆ ಎಂದೊಡನೆ ಮೊದಲ ಮಳೆ ಎಂದು ಕಣ್ಣು ಮುಚ್ಚಿಕೊಳ್ಳಬೇಡಿ. ಅಂಥ ಬರಹ ಬೇಕಿದ್ದರೆ ನಮ್ಮ ಕನ್ನಡ ಸಂಘದ ಸ್ಮರಣ ಸಂಚಿಕೆಗಳಲ್ಲಿ ಧಾರಾಳವಾಗಿದೆ. ನಾನು ಹೇಳುತ್ತಿರುವುದು ಫ್ರೀಜರಿನಲ್ಲಿ ಹೆಪ್ಪುಗಟ್ಟಿ ಕರಗಿದ ಮಣ್ಣಿನ ವಿಷಯ. ಅದಕ್ಕೆ ಹಳೆಯ ಗೋಣಿಚೀಲದ ವಾಸನೆ.

ಈ ವಾಸನೆ ಮತ್ತೆ ತಲೆಗೆ ಹತ್ತಿದ್ದು ಮೊನ್ನೆ ಮೆಲ್ಬರ್ನಿನಿಂದ ಬಸು ಫೋನ್ ಮಾಡಿದ ಮೇಲೆ. ಬಸು ಧಾರವಾಡದವನು. ಓದುವಾಗ ಅಲ್ಲಿನ ಕ್ಲೇಟನ್‌ನಲ್ಲಿ ಒಂದೇ ಬಾಡಿಗೆ ಮನೆಯಲ್ಲಿದ್ದೆವು. ನನ್ನದು ಸಂಖ್ಯಾಶಾಸ್ತ್ರ, ಅವನದು ಕಾಡಿನ ಮಣ್ಣು; ಹಿಮ ಬೀಳುವ ಗುಡ್ಡವೊಂದರಿಂದ ಅದನ್ನು ಅಗೆದು ತರುತ್ತಿದ್ದ. ನಾನು ಆಮೇಲೆ ಸಿಡ್ನಿಗೆ ಬಂದು, ನಾಲ್ಕಾರು ಸಬರ್ಬ್ ಬದಲಿಸಿ, ಯಾರ ಮನೆಯ ಛಾವಣಿ ಯಾವ ಬಿರುಗಾಳಿಗೆ ಹಾರಬಹುದೆಂದು ಲೆಕ್ಕ ಹಾಕುವ ಕೆಲಸದಲ್ಲಿದ್ದೇನೆ. ಅವನು ಅಲ್ಲೇ ಉಳಿದು ಮಕ್ಕಳಿಗೆ ಮಣ್ಣಿನ ಪಾಠ ಹೇಳುತ್ತಾನೆ.

ಅವನ ಪಾಠ ನಮ್ಮವರಿಗೆ ಎಂದೂ ಇಳಿದಿಲ್ಲ. ಒಮ್ಮೆ ಸಂಘದ ಊಟದ ಸಾಲಿನಲ್ಲಿ ಒಬ್ಬ ಅಂಕಲ್ ಬಸುವನ್ನು ಹಿಡಿದು ನಿಲ್ಲಿಸಿದರು. ಎರಡು ಮನೆ, ಎರಡು ಮಾರ್ಟ್‌ಗೇಜ್ ಇರುವ ಮನುಷ್ಯ. ಆದ್ದರಿಂದ ಎಲ್ಲ ವಿಷಯದಲ್ಲೂ ಪರಿಣತ. "ವಿಂಟರ್ ವಾರ್ಮ್ ಆದ್ರೆ ಮರಗಳಿಗೆ ಒಳ್ಳೇದೇ ಅಲ್ವೇನ್ರೀ? ನಮಗೂ ಹೀಟಿಂಗ್ ಬಿಲ್ ಕಮ್ಮಿ," ಎಂದರು. ಬಸು ಪುಳಿಯೋಗರೆ ತಟ್ಟೆ ಹಿಡಿದೇ ವಿವರಿಸಿದ. ಹಿಮವೆಂದರೆ ನೆಲಕ್ಕೆ ಹೊದಿಸಿದ ರಗ್ಗು. ಚಳಿಗಾಲ ಬೆಚ್ಚಗಾದಂತೆ ಹಿಮ ತೆಳುವಾಗುತ್ತದೆ, ಬೇಗ ಕರಗುತ್ತದೆ. ಆಗ ರಗ್ಗು ಕಿತ್ತುಕೊಂಡಂತಾಗಿ, ಗಾಳಿ ಬೆಚ್ಚಗಿದ್ದ ವರ್ಷವೇ ಮಣ್ಣು ಹೆಪ್ಪುಗಟ್ಟುತ್ತದೆ. ಕೂದಲಿನಂಥ ಬೇರುಗಳು ಹರಿಯುತ್ತವೆ, ಕಣ್ಣಿಗೆ ಕಾಣದ ಜೀವಿಗಳು ಸತ್ತು ಒಡೆಯುತ್ತವೆ, ಅವು ಕೂಡಿಟ್ಟ ಸಾರಜನಕ ಹೊರಗೆ ಬೀಳುತ್ತದೆ. ಅದನ್ನು ಹೀರಬೇಕಾದ ಬೇರು ಆಗಲೇ ಹರಿದಿದೆ. ಕರಗಿದ ನೀರು ಅದನ್ನು ಹಳ್ಳಕ್ಕೆ ಹೊತ್ತೊಯ್ಯುತ್ತದೆ. ಮರಕ್ಕೆ ಹಸಿವು, ಹಳ್ಳಕ್ಕೆ ಅಜೀರ್ಣ. ಅಂಕಲ್ ಎಲ್ಲ ಕೇಳಿ, "ಹಾಗಾದ್ರೆ ಯೂರಿಯಾ ಹಾಕಿದ್ರಾಯ್ತು," ಎಂದು ಹಪ್ಪಳದ ಕಡೆಗೆ ನಡೆದರು.

ಮೊನ್ನೆಯ ಫೋನಿನಲ್ಲಿ ಬಸುವಿನ ದನಿ ಸರಿಯಿರಲಿಲ್ಲ.

"ಅವ್ವ ಬಂದಾಳಲೇ ಇಲ್ಲಿ. ನಿನ್ನೆ ಊಟಕ್ಕ ಕುಂತಾಗ ನಕ್ಕೋತ ಹೇಳ್ತಾಳ, ನಾವು ಗುಡ್ಡದಿಂದ ತಂದ ಮಣ್ಣಿನ ಚೀಲ ಫ್ರಿಜ್‌ನ್ಯಾಗ ಇಟ್ಟಿದ್ವಿ ನೋಡು, ಅದನ್ನ ಎತ್ತಿ ಫ್ರೀಜರ್‌ಗೆ ಹಾಕಿದ್ಲಂತ."

"ಯಾಕೆ?"

"ಗಣಪತಿ ನೈವೇದ್ಯದ ಬಾಜೂಕ ಮಣ್ಣು ಇರಬಾರದಂತ. ಪೂಜಿ ಆದಮ್ಯಾಲೆ ಮತ್ತ ಕೆಳಗಿಟ್ಟಾಳ. ನಂಗ ಗೊತ್ತ ಇಲ್ಲ."

ನನಗೆ ನಗು ಬಂತು. ಮಣ್ಣಿನ ಗಣಪನನ್ನು ಕೂರಿಸುವುದಕ್ಕಾಗಿ ಮಣ್ಣನ್ನು ಮೈಲಿಗೆಯೆಂದು ಹೊರಹಾಕಿದ ಮನೆ ನಮ್ಮದು. ಬಸು ನಗಲಿಲ್ಲ. ಮಣ್ಣನ್ನು ತಣ್ಣಗೆ ಇಡಬಹುದು, ಹೆಪ್ಪುಗಟ್ಟಿಸುವಂತಿಲ್ಲ. ಹೆಪ್ಪುಗಟ್ಟಿಸಿದರೆ ಗುಡ್ಡದ ಮೇಲೆ ಹಿಮವಿಲ್ಲದ ಚಳಿ ಮಾಡುವ ಕೆಲಸವನ್ನೇ ಅಡಿಗೆಮನೆಯ ಫ್ರೀಜರು ಮಾಡಿ ಮುಗಿಸುತ್ತದೆ. ಅವನ ಪಿಎಚ್.ಡಿ. ಪ್ರಬಂಧ ನಿಂತದ್ದು ಎರಡು ಚಳಿಗಾಲಗಳ ಮೇಲೆ. ಮೊದಲನೆಯದರಲ್ಲಿ ಹಿಮ ಚೆನ್ನಾಗಿ ಬಿದ್ದಿತ್ತು, ಸಾರಜನಕ ಕಡಿಮೆ ಸಿಕ್ಕಿತ್ತು. ಎರಡನೆಯದರಲ್ಲಿ ಹಿಮ ಆಗಲೇ ಕರಗಿಹೋಗಿತ್ತು, ಸಾರಜನಕ ಹೆಚ್ಚು ಸಿಕ್ಕಿತ್ತು. ಈಗ ಸಂಶೋಧನೆಗೆ ಸೇರಿದ ಒಬ್ಬ ಹೊಸ ಹುಡುಗಿ ಅದೇ ಮರಗಳ ಬುಡದಲ್ಲಿ ಮಣ್ಣು ತೆಗೆದು ಇವನ ಅಂಕಿಗಳೊಂದಿಗೆ ಹೋಲಿಸುವವಳಿದ್ದಾಳೆ. ಅಕ್ಕೋರು ಹೆಪ್ಪುಗಟ್ಟಿಸಿದ್ದು ಹಿಮವಿದ್ದ ವರ್ಷದ ಚೀಲಗಳಾದರೆ ಚಿಂತೆಯಿಲ್ಲ, ನಿಜವಾದ ಅಂಕಿ ಇನ್ನೂ ಕಡಿಮೆಯೆಂದಾಗಿ ಬಸುವಿನ ವಾದ ಗಟ್ಟಿಯಾಗುತ್ತದೆ. ಹಿಮವಿಲ್ಲದ ವರ್ಷದ್ದಾದರೆ ಅವನು ಅಳೆದದ್ದು ಕಾಡನ್ನಲ್ಲ, ಫ್ರೀಜರನ್ನು.

ಅಕ್ಕೋರು ಎಂದರೆ ಬಸುವಿನ ತಾಯಿ, ಹೈಸ್ಕೂಲಿನ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದವರು. ಮೊದಲ ದಿನ ನಾನು ಆಂಟಿ ಎಂದಾಗ, "ಆಂಟಿ ಯಾರಪಾ ಇಲ್ಲೆ? ನಾ ಅಕ್ಕೋರು," ಎಂದು ತಿದ್ದಿದ್ದರು; ಅವರ ಕಡೆ ಟೀಚರಿಗೆ ಹಾಗೆನ್ನುತ್ತಾರೆ. ಎರಡೂ ಚಳಿಗಾಲ ಅವರು ಕ್ಲೇಟನ್ನಿಗೆ ಬಂದಿದ್ದರು. ಆದರೆ ಗುಡ್ಡಕ್ಕೆ ಬಂದದ್ದು ಒಂದೇ ಸಲ. ಫ್ರೀಜರಿಗೆ ಹೋದದ್ದು ಆ ಸಲ ಕಾರಿನಲ್ಲಿ ಅವರ ಕಾಲ ಬುಡದಲ್ಲಿದ್ದ ಚೀಲಗಳೇ ಎಂದು ಅವರು ಖಂಡಿತವಾಗಿ ಹೇಳುತ್ತಾರೆ. ಯಾವ ವರ್ಷ ಎಂದರೆ, "ಹಿಮ ಇದ್ದ ವರ್ಷನ. ನಾ ಹಿಮದಾಗ ನಿಂತೀನಿ," ಎನ್ನುತ್ತಾರೆ. ಧಾರವಾಡದ ಅರ್ಧ ಊರಿಗೆ ಅದನ್ನೇ ಹೇಳಿಕೊಂಡಿರುವುದರಿಂದ ಈಗ ಹಿಂದೆಗೆಯುವ ಹಾಗೂ ಇಲ್ಲ.

"ಆವತ್ತ ನೀನೂ ಬಂದಿದ್ಯಲ್ಲ," ಎಂದ ಬಸು. "ಅವ್ವ ಹಿಮದಾಗ ನಿಂತಿದ್ಲು, ಹೌದಲ್ಲೋ?"

ಹೌದು ಎನ್ನಲು ಬಾಯಿ ತೆರೆದೆ. ಚಿತ್ರ ಸ್ಪಷ್ಟವಾಗಿತ್ತು: ಇಳಕಲ್ ಸೀರೆ, ಮೇಲೆ ಮಗನ ಜಾಕೆಟ್ಟು, ಕಾಲಿಗೆ ಬಿಳಿ ಸ್ನೀಕರ್ಸ್, ಸುತ್ತಲೂ ಹಿಮ. ಸ್ಪಷ್ಟವಾಗಿದ್ದದ್ದೇ ನನಗೆ ಅನುಮಾನ ತಂದಿತು. ಸಂಘದವರು ವರ್ಷಕ್ಕೊಮ್ಮೆ ಬಸ್ಸು ಬುಕ್ ಮಾಡಿ ಹಿಮ ನೋಡಲು ಹೋಗುತ್ತಾರಲ್ಲ, ಬಸ್ಸಿನಲ್ಲಿ ಅಂತ್ಯಾಕ್ಷರಿ, ಹಿಮದ ಮೇಲೆ ಚಿತ್ರಾನ್ನ, ಆಮೇಲೆ ಮುನ್ನೂರು ಫೋಟೋ. ಆ ಫೋಟೋಗಳಲ್ಲಿ ಎಲ್ಲರ ತಾಯಿಯೂ ಹಾಗೆಯೇ ನಿಂತಿರುತ್ತಾರೆ. ಅದರಲ್ಲೊಂದರ ಮೇಲೆ ಅಕ್ಕೋರ ಮುಖ ಅಂಟಿಸುವುದು ನನ್ನ ತಲೆಗೆ ಕಷ್ಟವೇನಲ್ಲ. ಹುಟ್ಟಿದಾಗಿನಿಂದ ನೋಡಿದ್ದೆಲ್ಲ ನೆನಪಿದೆಯೆಂದು ಕೊಚ್ಚಿಕೊಳ್ಳುವವರನ್ನು ಕಂಡರೆ ನನಗೆ ಅಸಡ್ಡೆ; ಅವರ ಸಾಲಿನಲ್ಲಿ ನನ್ನ ತಲೆಯನ್ನೂ ನಿಲ್ಲಿಸುತ್ತೇನೆ. "ಯೋಚ್ನೆ ಮಾಡಿ ಹೇಳ್ತೀನಿ," ಎಂದೆ.

"ಹೂಂ ಅನ್ನಾಕ ಯೋಚನಿ ಯಾಕ?" ಎಂದ ಅವನು. ಅದರಲ್ಲಿ ಬೇಡಿಕೆಯೇ ಇತ್ತು.

ಆ ದಿನದ್ದು ಇನ್ನೇನು ಉಳಿದಿದೆಯೆಂದು ತಡಕಿದೆ. ಮರುದಿನ ಗಣಪತಿ ಹಬ್ಬದ ಕಾಯಿಕಡುಬು, ಆ ಮಣ್ಣಿನ ಪಕ್ಕದಲ್ಲೇ ಇದ್ದಿರಬೇಕಾದ ಫ್ರೀಜರಿನ ತುರಿಯದು. ಕಡಿದರೆ ಗೋಣಿಚೀಲದ ವಾಸನೆ. ಅಕ್ಕೋರು ಎದುರಿಗೇ ಕೂತಿದ್ದರಿಂದ ಇಬ್ಬರೂ ಹೊಗಳಿ ತಿಂದೆವು. ಅದರ ಹಿಂದಿನ ದಿನ ಗುಡ್ಡದ ಮೇಲೆ, ಬಳುಕಿದ ಕಾಂಡದ ಮರಗಳ ನಡುವೆ ಮಡಿಚುವ ಸ್ಟೂಲಿನ ಮೇಲೆ ಕೂತ ಅಕ್ಕೋರು. ಪಕ್ಕದಲ್ಲಿ ಡಿಕ್ಕಿ ತೆರೆದ ಕಾರು. ಡಿಕ್ಕಿಯಿಂದ ಅವರೇ ತೆಗೆದು ಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿ.

ಅಲ್ಲಿಗೆ ನಿಂತೆ. ಡಿಕ್ಕಿ ತೆರೆದ ಕಾರು.

ನಿನ್ನೆ ಸಂಜೆ ಬಸುವಿಗೆ ಫೋನ್ ಮಾಡಿದೆ.

"ಅಕ್ಕೋರು ರೊಟ್ಟಿ ತಿಂದಿದ್ದು ನಿನ್ನ ಮರಗಳ ಹತ್ರಾನೇ ಅಲ್ವಾ?"

"ಹೌದು. ನಾ ಅಗಿಯೂತನಾ ಬೈಕೋತ ಕುಂತಿದ್ಲು."

"ಅವರ ಮೊಣಕಾಲು ಆಗ್ಲೇ ಹೋಗಿತ್ತು. ಅಲ್ಲಿವರೆಗೂ ಹೇಗೆ ಬಂದ್ರು?"

"ಕಾರಿನ್ಯಾಗ," ಎಂದ.

ಹಿಮ ಬಿದ್ದಿರುವಾಗ ಆ ದಾರಿಯ ಗೇಟಿಗೆ ಬೀಗ ಹಾಕಿರುತ್ತಾರೆ. ಹಿಮವಿದ್ದ ವರ್ಷ ನಾವಿಬ್ಬರೂ ಗೇಟಿನಿಂದ ಮೇಲಕ್ಕೆ ಮಣ್ಣು ಅಗೆಯುವ ಸಾಮಾನು ಹೊತ್ತು ಏದುಸಿರು ಬಿಡುತ್ತ ನಡೆದಿದ್ದೆವು. ಇದನ್ನು ನಾನು ಅವನಿಗೆ ಹೇಳಬೇಕಾಗಲಿಲ್ಲ.

"ಗೇಟ ತೆರದಿತ್ತು," ಎಂದ ಬಸು. "ಆ ವರ್ಷದ ಅಂಕಿ ಹಿಡೀಬ್ಯಾಡ ಅಂತ ಹುಡಿಗಿಗೆ ಹೇಳಿಬಿಡತೀನಿ. ನನ್ನ ಪ್ರಬಂಧದ್ದೂ ಯುನಿವರ್ಸಿಟಿಗೆ ಬರದು ತಿಳಸಬೇಕು." ಆಮೇಲೆ, "ಜೀವಮಾನದಾಗ ಒಂದು ಮಾತೂ ಖರೆ ಅಂತ ಒಪ್ಪಿದಂವಲ್ಲ ನೀನು. ಇದೊಂದ ಸಿಕ್ತೇನಪಾ ನಿನಗ?" ಎಂದ.

ಹಿಂದಿನಿಂದ ಅಕ್ಕೋರ ದನಿ ಕೇಳಿಸಿತು. "ಏನಂತ ಅಂವಂದು?"

"ಹಿಮ ಇರಲಿಲ್ಲಂತವ್ವ."

"ಅವಗೇನ ಗೊತ್ತು. ನನ್ನ ಅಂಗಾಲು ಕಲ್ಲಾಗಿದ್ವು. ಸ್ಟೂಲಿನ ಕಾಲು ನೆಲಕ್ಕ ಊರವಲ್ದಾಗಿತ್ತು, ಅಷ್ಟು ಬಿರುಸು. ಹಿಮ ಇಲ್ದ ಇಷ್ಟು ಥಂಡಿ ಎಲ್ಲಿಂದ ಬರತೈತಿ?"

ಬಸು ಪ್ರಬಂಧ ಬರೆದು ಸಾಧಿಸಬೇಕೆಂದಿದ್ದದ್ದೇ ಅದು: ಹಿಮವಿಲ್ಲದ್ದರಿಂದಲೇ ಅಷ್ಟು ಥಂಡಿ. ಫ್ರೀಜರಿಗೆ ಹೋದ ಅಕ್ಕೋರ ಚೀಲ ಸುಳ್ಳು ಹೇಳಿರಬಹುದು. ಅವರ ಅಂಗಾಲು ಸುಳ್ಳು ಹೇಳಿರಲಾರದು. ನಾನು ಅದನ್ನು ನಂಬುತ್ತೇನೆ, ಯಾವ ಪುರಾವೆಯೂ ಇಲ್ಲದೆ. ನನ್ನ ಮಟ್ಟಿಗೆ ಇದು ಹೊಸ ಕಾಯಿಲೆ.

ತುರಿ ಪೂರ್ತಿ ಕರಗಿದೆ. ಬಿಳಿ ನೀರೆಲ್ಲ ಸಿಂಕಿನ ತೂತಿನಲ್ಲಿ ಇಳಿದುಹೋಗಿದೆ, ಉಳಿದದ್ದು ಸಪ್ಪೆ ನಾರು. ಇವತ್ತು ಕಡುಬು ಮಾಡಬೇಕೆಂದಿದ್ದೆ. ಮಾಡುತ್ತೇನೆ, ಈ ಸಲ ಎದುರಿಗೆ ಕೂತು ಹೊಗಳಿಸಿಕೊಳ್ಳುವವರು ಯಾರೂ ಇಲ್ಲ.