ಡಂಕನ್ ಸಾಹೇಬರ ಒಂದೇ ಟೋಪಿ

ಡಂಕನ್ ಮೆಕ್‌ರೇ ಪ್ರಭಾಕರರ ಮನೆಗೆ ಮೊದಲ ಸಲ ಬಂದದ್ದು ಬಾಯ್ಲರ್ ರಿಪೇರಿಗೆ. ನ್ಯೂಜೆರ್ಸಿಯ ಈಸ್ಟ್ ಬ್ರನ್ಸ್‌ವಿಕ್‌ನ ಆ ಮನೆಯ ಹೀಟಿಂಗ್ ಡಿಸೆಂಬರಿನಲ್ಲೇ ಕೈಕೊಟ್ಟಿತ್ತು. ಪ್ರಭಾಕರರು ಎರಡು ಸ್ವೆಟರಿನ ಮೇಲೆ ಹೆಂಡತಿಯ ಶಾಲನ್ನೂ ಹೊದ್ದು ಕೂತಿದ್ದರು. ಓಲ್ಡ್ ಬ್ರಿಡ್ಜ್‌ನಿಂದ ವ್ಯಾನಿನಲ್ಲಿ ಬಂದ ಬಿಳಿಗೂದಲಿನ ರಿಪೇರಿಯವನು ಬೇಸ್‌ಮೆಂಟಿಗೆ ಇಳಿಯುವ ಮುನ್ನ, ಮೆಟ್ಟಿಲ ಬಳಿ ಬಿದ್ದಿದ್ದ ಮೊಮ್ಮಗಳು ಅಕ್ಷಿತಾಳ ಚೆಂಡನ್ನು ಎಡಗಾಲಿನ ತುದಿಯಲ್ಲಿ ಎತ್ತಿ, ಮೊಣಕಾಲಿಗೆ ತಂದು, ತಲೆಗೆ ಏರಿಸಿ, ಅಲ್ಲಿಂದ ಚಪ್ಪಲಿ ಸ್ಟ್ಯಾಂಡಿನ ಮೇಲೆ ಅಲುಗಾಡದಂತೆ ಕೂರಿಸಿದ. ಪ್ರಭಾಕರರಿಗೆ ಚಳಿ ಮರೆತೇಹೋಯಿತು.

ಬಾಯ್ಲರ್ ಸರಿಯಾಗುವಷ್ಟರಲ್ಲಿ ಕಾಫಿ ಎರಡು ಸಲ ಆಯಿತು, ಆ ಮನುಷ್ಯನ ಚರಿತ್ರೆಯೂ ಹೊರಬಂತು. ಸ್ಕಾಟ್ಲೆಂಡಿನ ಕಲ್ಲಿದ್ದಲು ಗಣಿಯ ಹಳ್ಳಿಯವರು. ಹದಿನೇಳು ವರ್ಷ ಸಂಬಳಕ್ಕೆ ಫುಟ್‌ಬಾಲ್ ಆಡಿದ್ದರು, ಅದೂ ಎಡಬದಿಯ ಡಿಫೆಂಡರ್ ಆಗಿ. ಏಳು ಕ್ಲಬ್ಬುಗಳಲ್ಲಿ ಆಡಿದರು. ಅವುಗಳಲ್ಲಿ ಐದು, ಇವರು ಕಾಲಿಟ್ಟ ವರ್ಷವೇ ಕೆಳಗಿನ ಡಿವಿಷನ್ನಿಗೆ ಜಾರಿದವು. ಇದನ್ನು ಅವರು ತಾವೇ ನಗುತ್ತ ಹೇಳಿದರು. ಮಂಡಿ ಸವೆದ ಮೇಲೆ ನ್ಯೂಜೆರ್ಸಿಯ ಕಾರ್ನಿಯಲ್ಲಿ ಸ್ಕಾಟಿಷ್ ಕಾರ್ಮಿಕರ ತಂಡವೊಂದಕ್ಕೆ ಎರಡು ವರ್ಷ ಆಡಲು ಬಂದರು. ಹೀಟಿಂಗ್ ಕೆಲಸ ಕಲಿತರು, ಮದುವೆಯಾದರು, ಉಳಿದುಬಿಟ್ಟರು. ಚಹಾ ಕುಡಿಯುವ ಊರಿನವರಾದರೂ ಫಿಲ್ಟರ್ ಕಾಫಿಗೆ ಬೇಡವೆನ್ನಲಿಲ್ಲ. ಅಮೆರಿಕದವರಿಗೆ ಅವರ ಇಂಗ್ಲಿಷ್ ಅರ್ಧಂಬರ್ಧ ಅರ್ಥವಾಗುತ್ತಿತ್ತಂತೆ. ಪ್ರಭಾಕರರಿಗೆ ಮಾತ್ರ ಪೂರ್ತಿ ಅರ್ಥವಾಯಿತು. ಇಲ್ಲಿಯವರೆಲ್ಲ ಬಾಯೊಳಗೇ ಮಡಚಿಬಿಡುವ ರಕಾರವನ್ನು ಈ ಪುಣ್ಯಾತ್ಮ ಮೈಸೂರಿನವರ ಹಾಗೆ ಬಾಯಿತುಂಬ ಉಚ್ಚರಿಸುತ್ತಾನಲ್ಲ ಎಂದು ಅವರಿಗೆ ಹಿಗ್ಗೋ ಹಿಗ್ಗು.

ಹೊರಡುವಾಗ ಡಂಕನ್ ಒಂದು ಮಾತು ಹೇಳಿದರು: "ದೇಶಕ್ಕೂ ಆಡಿದ್ದೇನೆ. ಒಂದು ಕ್ಯಾಪ್." ದೇಶದ ಪರವಾಗಿ ಮೈದಾನಕ್ಕಿಳಿದವರಿಗೆ ಅಲ್ಲಿ ನಿಜಕ್ಕೂ ಒಂದು ಟೋಪಿ ಕೊಡುವ ಪದ್ಧತಿ ಇತ್ತು, ಹಾಗಾಗಿ ಒಂದು ಕ್ಯಾಪ್ ಎಂದರೆ ಒಂದು ಪಂದ್ಯ. ಇದನ್ನೂ ಬಿಡಿಸಿ ಹೇಳಿದರು. ಪ್ರಭಾಕರರು ಕೇಳಿಸಿಕೊಂಡರು, ಆದರೆ 'ಒಂದು' ಎಂಬುದನ್ನು ಬಾಗಿಲಲ್ಲೇ ಬಿಟ್ಟು 'ದೇಶ' ಎಂಬುದನ್ನು ಮಾತ್ರ ಒಳಗೆ ಕರೆದುಕೊಂಡರು.

ಇಲ್ಲಿ ಪ್ರಭಾಕರರ ಬಗ್ಗೆ ಎರಡು ಮಾತು ಹೇಳಲೇಬೇಕು. ಮೂವತ್ತು ವರ್ಷ ಬಾಸ್ಕಿಂಗ್ ರಿಡ್ಜ್‌ನ ಆಫೀಸಿಗೆ ಕಮ್ಯೂಟ್ ಮಾಡಿ ನಿವೃತ್ತರಾದ ಮೇಲೆ ಅವರಿಗೆ ಶುದ್ಧ ಕನ್ನಡದ ಹುಚ್ಚು ಹಿಡಿದಿತ್ತು. ಗೋಲ್‌ಕೀಪರ್ ಅವರ ಬಾಯಲ್ಲಿ 'ಗುರಿಪಾಲಕಿ' ಆಗುತ್ತಿದ್ದಳು. ಆಫ್‌ಸೈಡ್ 'ಹೊರಬದಿ ದೋಷ' ಆಗುವಷ್ಟರಲ್ಲಿ ಎದುರಾಳಿ ಗೋಲು ಹೊಡೆದು ಹೋಗಿರುತ್ತಿದ್ದಳು. ಎರಡನೆಯ ಹುಚ್ಚು, ಕಥೆಗೆ ಒಗ್ಗರಣೆ ಹಾಕುವುದು. ಕನ್ನಡ ಸಂಘದ ಹೆಣ್ಣುಮಕ್ಕಳ ತಂಡಕ್ಕೆ ಡಂಕನ್ನರನ್ನು ಕೋಚ್ ಮಾಡಿಸಿದವರೇ ಇವರು. ಆಮೇಲೆ ಸಂಘದ ಪ್ರತಿ ಪಾಟ್‌ಲಕ್ ಊಟದಲ್ಲೂ ಡಂಕನ್ನರ ಒಂದು ಪಂದ್ಯ ಬೆಳೆಯಿತು. ಸಂಕ್ರಾಂತಿಗೆ ಐದು ಪಂದ್ಯವಿತ್ತು, ಯುಗಾದಿಗೆ ಐದು ವರ್ಷವಾಯಿತು, ಬೇಸಿಗೆ ಪಿಕ್ನಿಕ್ಕಿನ ಹೊತ್ತಿಗೆ ಡಂಕನ್ ಹತ್ತು ವರ್ಷ ಸ್ಕಾಟ್ಲೆಂಡನ್ನು ಹೆಗಲ ಮೇಲೆ ಹೊತ್ತಿದ್ದರು. ಡಂಕನ್ನರಿಗೆ ಕನ್ನಡ ಬಾರದ ಕಾರಣ ಈ ಬಡ್ತಿಗಳ ಸುದ್ದಿ ಅವರಿಗೆ ಮುಟ್ಟಲಿಲ್ಲ.

ಸಂಕಟ ಬಂದದ್ದು ಸೆಪ್ಟೆಂಬರಿನಲ್ಲಿ. ತಂಡ ಸತತವಾಗಿ ನಾಲ್ಕು ಪಂದ್ಯ ಸೋತಿತು. ಹುಬ್ಬಳ್ಳಿ ಕಡೆಯ ಓಂಕಾರ್ ಎಂಬ ಅಪ್ಪ, ಮಕ್ಕಳ ಎದೆಗೆ ಜಿಪಿಎಸ್ ಕಟ್ಟಿ ಟ್ಯಾಬ್ಲೆಟ್ಟಿನಲ್ಲಿ ಓಟ ಅಳೆಯುವ ಯುವ ಕೋಚ್ ಒಬ್ಬನನ್ನು ಹುಡುಕಿ ತಂದ. ಡಂಕನ್ ಇರಬೇಕೋ ಬೇಡವೋ ಎಂದು ಭಾನುವಾರ ಮಧ್ಯಾಹ್ನ ಲೈಬ್ರರಿಯ ಹಾಲಿನಲ್ಲಿ ಕೈಯೆತ್ತಿ ತೀರ್ಮಾನಿಸುವುದೆಂದಾಯಿತು. ಡಂಕನ್ನರ ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಶನಿವಾರದ ಆ ಮೈದಾನ ಬಿಟ್ಟರೆ ಅವರಿಗೆ ಹೋಗಲು ಬೇರೆ ಜಾಗವಿಲ್ಲ ಎಂದು ಪ್ರಭಾಕರರಿಗೆ ಚೆನ್ನಾಗಿ ಗೊತ್ತಿತ್ತು.

ಅದಕ್ಕೇ ಅವರು ಭಾಷಣವನ್ನು ನಾಲ್ಕು ದಿನ ತಿದ್ದಿದರು. ಇಂಗ್ಲಿಷಿನ ಒಂದು ಪದವೂ ಇರಕೂಡದೆಂಬ ಹಟ ಬೇರೆ.

"ಮಹನೀಯರೇ, ಮಹಿಳೆಯರೇ," ಎಂದು ಶುರುಮಾಡಿದರು. "ಹದಿನೇಳು ಸಂವತ್ಸರ ಕಾಲ್ಚೆಂಡನ್ನೇ ಉಸಿರಾಡಿದ ಈ ಧೀಮಂತರು ಸಾಮಾನ್ಯರಲ್ಲ. ಇವರು ತಮ್ಮ ಸ್ವಂತ ದೇಶಕ್ಕೇ ಟೋಪಿ ಹಾಕಿದವರು!"

ಹಿಂದಿನ ಸಾಲಿನಿಂದ ಶುರುವಾದ ನಗೆ ಮುಂದಿನ ಸಾಲಿಗೆ ಬರುವಷ್ಟರಲ್ಲಿ ಕುರ್ಚಿಗಳು ಅಲುಗಾಡುತ್ತಿದ್ದವು. ತನ್ನ ಸಾಧನೆಗೆ ಜನ ಖುಷಿಪಡುತ್ತಿದ್ದಾರೆಂದುಕೊಂಡ ಡಂಕನ್ ಎದ್ದುನಿಂತು, ತಲೆಯ ಮೇಲಿದ್ದ ಉಣ್ಣೆಯ ಟೋಪಿಯನ್ನೇ ತೆಗೆದು ಎಲ್ಲರಿಗೂ ಬಾಗಿದರು. ನಗೆ ಇಮ್ಮಡಿಯಾಯಿತು. ತಾನು ಅಂದದ್ದೇನೆಂದು ಪ್ರಭಾಕರರಿಗೆ ಹೊಳೆದದ್ದು ಆಗಲೇ. ಕಿವಿಯವರೆಗೂ ಕೆಂಪಾದರು.

ಓಂಕಾರ್ ಫೋನ್ ಹಿಡಿದು ಎದ್ದ. "ಅಂಕಲ್, ದೇಶಕ್ಕ ಹಾಕ್ಯಾರೋ, ನಮಗ ಹಾಕ್ಯಾರೋ? ಇಲ್ಲಿ ರೆಕಾರ್ಡ್ ಐತಿ ನೋಡ್ರಿ. ಒಂದ ಮ್ಯಾಚ್. ಎಂಬತ್ತೆಂಟನೇ ಮಿನಿಟ್‌ಗೆ ಸಬ್ಸ್‌ಟಿಟ್ಯೂಟ್ ಆಗಿ ಇಳದಾರ. ಎರಡ ಮಿನಿಟ್! ನೀವು ಹತ್ತ ವರ್ಷ ಅಂದಿದ್ರಿ."

ಈಗ ಯಾರೂ ನಗಲಿಲ್ಲ. ಡಂಕನ್ ಪಕ್ಕದಲ್ಲಿದ್ದ ಅಕ್ಷಿತಾಳನ್ನು ಏನಾಯಿತೆಂದು ಕೇಳಿದರು. ಹನ್ನೊಂದರ ಹುಡುಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು: "ತಾತ ಸೆಡ್ ಯು ಸ್ಕ್ಯಾಮ್ಡ್ ಸ್ಕಾಟ್ಲೆಂಡ್. ನೌ ದೇ ಥಿಂಕ್ ಯು ಸ್ಕ್ಯಾಮ್ಡ್ ಅಸ್."

ಪ್ರಭಾಕರರು ಭಾಷಣದ ಹಾಳೆ ಮಡಚಿದರು. "ನೋಡಿ, ಸಾರಿ. ಮಿಸ್ಟೇಕ್ ನಂದು. ಹಂಡ್ರೆಡ್ ಪರ್ಸೆಂಟ್ ನಂದು. ಇವ್ರು ನಂಗೆ ಫಸ್ಟ್ ಡೇನೇ ಒಂದೇ ಕ್ಯಾಪ್ ಅಂತ ಕ್ಲಿಯರಾಗಿ ಹೇಳಿದ್ರು. ಸುಳ್ಳು ಸೇರಿಸಿದ್ದು ನಾನು. ಪನಿಶ್ ಮಾಡೋದಾದ್ರೆ ನನ್ನ ಮಾಡಿ, ಅವರನ್ನಲ್ಲ." ಅವರ ಬಾಯಿಂದ ಇಷ್ಟೊಂದು ಇಂಗ್ಲಿಷ್ ಒಟ್ಟಿಗೆ ಬಿದ್ದದ್ದನ್ನು ಸಂಘದವರು ಆವರೆಗೆ ಕೇಳಿರಲಿಲ್ಲ. ಅಷ್ಟು ನಾಚಿಕೆಯನ್ನೂ ಅವರು ಆವರೆಗೆ ಅನುಭವಿಸಿರಲಿಲ್ಲ.

ಡಂಕನ್ ಮಾತ್ರ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಆಮೇಲೆ ಕೂತಲ್ಲಿಂದಲೇ, ಎಲ್ಲರಿಗೂ ಅರ್ಥವಾಗಲೆಂದು ನಿಧಾನವಾಗಿ ಹೇಳಿದರು. ದೇಶದ ತಂಡದಲ್ಲಿ ನಾಲ್ಕು ಪಂದ್ಯ ಬರೀ ಬೆಂಚಿನ ಮೇಲೆ ಕೂತಿದ್ದರಂತೆ. ನಾಲ್ಕಕ್ಕೂ ಅವರ ಅಮ್ಮ ಎರಡು ಬಸ್ಸು ಬದಲಿಸಿ ಬಂದಿದ್ದಳು. ಐದನೆಯದಕ್ಕೂ ಬಂದಳು. ಎಂಬತ್ತೈದನೇ ನಿಮಿಷದವರೆಗೂ ಕಾದು, ಈ ಸಲವೂ ಇಲ್ಲ ಅಂದುಕೊಂಡು, ಬಸ್ಸು ತಪ್ಪೀತೆಂದು ಎದ್ದುಹೋದಳು. ಮೂರು ನಿಮಿಷದ ಮೇಲೆ ಮಗನನ್ನು ಇಳಿಸಿದರು. ಚೆಂಡು ಒಮ್ಮೆಯೂ ಇವರ ಕಡೆ ಬರಲಿಲ್ಲ.

"ಅದರ ಬಗ್ಗೆ ಬೇಸರವಿಲ್ಲ," ಅಂದರು. "ಆದರೆ ನಾನು ಇಳಿದದ್ದನ್ನು ಅವಳು ನೋಡಲಿಲ್ಲ. ಸಾಯುವವರೆಗೂ ಆ ಬಸ್ಸನ್ನು ಬೈಯುತ್ತಿದ್ದಳು."

ಆಗ ಕಿಟಕಿಯ ಬಳಿ ಕೂತಿದ್ದ ನಂದಾ ಎದ್ದಳು. ನ್ಯೂ ಬ್ರನ್ಸ್‌ವಿಕ್‌ನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದ ಆಕೆ ಮಂಗಳೂರಿನವಳು, ಸಭೆಗಳಲ್ಲಿ ಬಾಯಿಬಿಟ್ಟವಳೇ ಅಲ್ಲ.

"ನಂಗೆ ಒಂದು ಹೇಳ್ಲಿಕ್ಕೆ ಉಂಟು," ಅಂದಳು. "ಹೋದ ತಿಂಗಳು ಮಗಳು ಶ್ರಿಯಾಳ ಮ್ಯಾಚ್ ದಿನ ನಾನು ಶಿಫ್ಟ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದೆ. ಕೋಚ್ ಕಾಲ್ ಮಾಡಿ ಎಲ್ಲಿದ್ದೀ ಕೇಳಿದ್ರು. ಟರ್ನ್‌ಪೈಕ್ ಹೈವೇಯಲ್ಲಿ ಅಂದೆ. ಮೆಲ್ಲ ಬಾ, ನೀನು ಬರುವ ತನಕ ಶ್ರಿಯಾಳನ್ನ ಇಳಿಸುವುದಿಲ್ಲ ಅಂದ್ರು. ನಾನು ಬಂದ ಮೇಲೆಯೇ ಇಳಿಸಿದ್ದು. ಮ್ಯಾಚ್ ಸೋತೆವು. ಈ ಮುದುಕನಿಗೆ ಟೈಮ್ ನೋಡ್ಲಿಕ್ಕೂ ಬರುವುದಿಲ್ಲ ಅಂತ ನಾನೇ ಎಲ್ಲರ ಹತ್ರ ಹೇಳಿಕೊಂಡು ತಿರುಗಿದ್ದೆ ಮಾರಾಯ್ರೆ."

ಇನ್ನೊಬ್ಬ ತಾಯಿ ತನಗೂ ಹಾಗೇ ಫೋನ್ ಬಂದಿತ್ತೆಂದಳು. ಮತ್ತೊಬ್ಬ ಅಪ್ಪ ತನಗೂ ಅಂದ. ನಾಲ್ಕು ಸೋಲುಗಳಲ್ಲಿ ಎರಡರ ಕಾರಣ ಅಲ್ಲೇ ಪತ್ತೆಯಾಯಿತು. ಅಕ್ಷಿತಾ ಕಿವಿಯಲ್ಲಿ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳುತ್ತಿದ್ದರೆ ಡಂಕನ್ ಕಳ್ಳತನದಲ್ಲಿ ಸಿಕ್ಕಿಬಿದ್ದವರಂತೆ ನೆಲ ನೋಡುತ್ತಿದ್ದರು. ಪ್ರಭಾಕರರಿಗೆ ಅಳು ಬಂತು. ಅದನ್ನು ಅವರು ಮುಚ್ಚಿಡಲೂ ಇಲ್ಲ.

ಕೈಯೆತ್ತಿಸುವ ಕೆಲಸ ಅಧ್ಯಕ್ಷರದು. ಅವರು ಬಾಯಿ ತೆರೆಯುವ ಮುನ್ನ ಓಂಕಾರ್ ಫೋನನ್ನು ಜೇಬಿಗಿಳಿಸಿ ಇಂಗ್ಲಿಷಿನಲ್ಲಿ ಕೇಳಿದ:

"ಕೋಚ್, ಬರುವ ಶನಿವಾರ ನನ್ನ ಮಗಳನ್ನು ಎಷ್ಟು ಗಂಟೆಗೆ ಇಳಿಸುತ್ತೀರಿ?"

ಡಂಕನ್ ತಲೆಯೆತ್ತಿದರು.

"ಶುರುವಿನಲ್ಲೇ," ಅಂದರು. "ಹತ್ತಕ್ಕೆ. ನೀನು ಪ್ರತಿ ಸಲ ಹತ್ತೂವರೆಗೆ ಬರುತ್ತೀ. ಅಷ್ಟು ಹೊತ್ತು ಅವಳನ್ನು ಬೆಂಚಿನ ಮೇಲೆ ಕೂರಿಸಲು ನನ್ನಿಂದಾಗುವುದಿಲ್ಲ, ನೀನೇ ಬೇಗ ಬಾ."