ಮುತ್ತಮ್ಮನ ಹಂಡೆ ಯಾವ ಪೊಲೀಸರದು?

ನಂಜನಗೂಡಿಗೂ ಟಿ. ನರಸೀಪುರಕ್ಕೂ ನಡುವಿನ ಹಳ್ಳಿಯೊಂದರಲ್ಲಿ ಮುತ್ತಮ್ಮ ಎಂಬ ಗಟ್ಟಿಗಿತ್ತಿ ಇದ್ದಳು. ಎಪ್ಪತ್ತೆಂಟನೇ ಇಸವಿಯಲ್ಲಿ ಅವಳ ಮಗಳು ಪುಟ್ಟಲಕ್ಷ್ಮಿ ತವರಿಗೆ ಬಂದು ಹೆತ್ತಳು. ಹಿಂದಿನ ಎರಡು ಕೂಸು ಉಳಿದಿರಲಿಲ್ಲ. ಇದು ಉಳಿದರೆ ಅತ್ತೆಯ ಕಾಲದ ತಾಮ್ರದ ಹಂಡೆಯಲ್ಲೇ ತಾಯಿಮಗುವಿಗೆ ನೀರು ಕಾಯಿಸಿ ಎರೆಯುತ್ತೇನೆಂದು ಮುತ್ತಮ್ಮ ನಂಜುಂಡಸ್ವಾಮಿಗೆ ಹರಕೆ ಹೊತ್ತಿದ್ದಳು. ಕೂಸು ಉಳಿಯಿತು. ಹಂಡೆಯನ್ನು ಕಳ್ಳ ಹೊತ್ತುಕೊಂಡು ಹೋದ.

ಸ್ವಾಮಿಯ ದಯೆ, ಹಂಡೆ ಸಿಕ್ಕಿತು. ಕಳ್ಳ ಅದನ್ನು ನಂಜನಗೂಡಿನ ಹತ್ತಿರ ರೈಲು ಹಳಿಯ ಪಕ್ಕ ಬಿಟ್ಟು ಓಡಿದ್ದ. ಅದು ಠಾಣೆಯೊಂದರ ಹಿತ್ತಲು ಸೇರಿತು. ಸುದ್ದಿ ತಿಳಿದ ಮುತ್ತಮ್ಮ ಹೊರುವುದಕ್ಕೆಂದು ಸಿಂಬಿ ಸುತ್ತಿಕೊಂಡೇ ಹೋದಳು.

ಹೆಡ್ ಕಾನ್ಸ್‌ಟೇಬಲ್ ಮಾದಯ್ಯ ಒಳ್ಳೆಯವನು, ಕೂರಿಸಿ ಹೇಳಿದ. "ಈಗಲೇ ಕೊಡೋಕಾಗಲ್ಲ ಕಣಮ್ಮ. ಕಳುವಾದ್ದು ನರಸೀಪುರದ ಕಡೆ ಠಾಣೆ ಸರಹದ್ದಲ್ಲಿ, ಅವರು ಬರೀಬೇಕು. ಸಿಕ್ಕಿದ್ದು ರೈಲಿನ ಜಾಗದಲ್ಲಿ, ಅದಕ್ಕೆ ರೈಲ್ವೆ ಪೊಲೀಸು."

"ಅವರೂ ನಿಮ್ಮವರೇ ಅಲ್ವಾ ಸಾ?"

"ನಮ್ಮ ರಾಜ್ಯದೋರೇ. ಆದ್ರೆ ರೈಲಿನ ಸ್ವತ್ತು ಕಾಯೋ ಪಡೆ ಇನ್ನೊಂದದೆ, ಅದು ಡೆಲ್ಲಿದು. ಹಂಡೆ ನಮ್ಮದಲ್ಲ ಅಂತ ಅವರು ಹೇಳಬೇಕು. ಮೇಲಾಗಿ ಕಳ್ಳ ಅದರ ಬಾಯಿಗೆ ಕೊಳವೆ ಸಿಕ್ಕಿಸವ್ನೆ, ಸಾರಾಯಿ ಕಾಯಿಸೋಕೆ. ಅದು ಅಬಕಾರಿಯೋರಿಗೆ ಸೇರ್ತದೆ."

ಮುತ್ತಮ್ಮ ಗಲ್ಲಕ್ಕೆ ಕೈಕೊಟ್ಟಳು. "ನಮ್ಮ ಗಂಡನ ಮನೆಯಂಗೇ ಬುಡಿ. ಅಣ್ಣತಮ್ಮದೀರು ಒಂದೇ ಸೂರಲ್ಲವ್ರೆ, ಒಲೆ ಮಾತ್ರ ನಾಕು. ಉಪ್ಪು ಕೇಳಿದ್ರೆ ಆ ಒಲೆತಾವ ಓಗು ಅಂತಾರೆ."

ಆದರೂ ಎಲ್ಲ ಕಡೆ ಅಲೆದಳು. ಎಲ್ಲರೂ ಮರ್ಯಾದೆಯಿಂದಲೇ ಕಂಡರು, ಎಲ್ಲರೂ ಇನ್ನೊಬ್ಬರ ಕಾಗದ ಕಾಯುತ್ತಿದ್ದರು. ಇತ್ತ ಮನೆಯಲ್ಲಿ ಚಿಕ್ಕ ಪಾತ್ರೆಗಳ ನೀರು ಬೆನ್ನಿಗೆ ಸಾಲದೆ ಪುಟ್ಟಲಕ್ಷ್ಮಿ ನೋವೆಂದು ನರಳುತ್ತಿದ್ದಳು. ಹರಕೆಯೂ ಹಾಗೇ ಉಳಿದಿತ್ತು.

ಒಂದು ಬೆಳಿಗ್ಗೆ ಠಾಣೆಯ ಹಿತ್ತಲಲ್ಲಿ ದಟ್ಟ ಹೊಗೆ ಎದ್ದಿತು. ಮಾದಯ್ಯ ಓಡಿಬಂದು ನೋಡಿದರೆ ಮೂರು ಕಲ್ಲಿನ ಮೇಲೆ ಹಂಡೆ, ಹಂಡೆಯ ತುಂಬ ನೀರು, ಕೆಳಗೆ ಬೆಂಕಿ. ಮುತ್ತಮ್ಮ ಕಿತ್ತಿಟ್ಟ ಕೊಳವೆಯನ್ನು ಅವನ ಕೈಗಿಟ್ಟಳು.

"ಅಬಕಾರಿಯೋರಿಗೆ ಸೇರಿದ್ದು ಇದು. ಕೊಟ್ಬುಡಿ."

"ಏನಮ್ಮಾ ಇದೆಲ್ಲ!"

"ಹಂಡೆ ಮನೆಗೆ ಬರಾಕಿಲ್ಲ ಅಂದ್ರೆ ಬಾಣಂತೀನೇ ಇಲ್ಲಿಗೆ ಬತ್ತಾಳೆ. ಕಮಾನು ಗಾಡಿ ಕಟ್ಟಕ್ಕೆ ಏಳಿವ್ನಿ. ಇನ್ಮ್ಯಾಕೆ ದಿನಾ ಇಲ್ಲೇ ಎರಿತೀನಿ. ಬಾಣಂತಿ ನೀರು ಉಯ್ಕೊಳೋವಾಗ ಗಂಡಸ್ರು ಇರಂಗಿಲ್ಲ, ಎಲ್ಲಾ ಈಚೆಗೆ ನಡೀರಿ."

"ಲಾಕಪ್ಪಲ್ಲಿರೋರು?"

"ಅವ್ರೇನು ಎಂಗಸ್ರಾ?"

ಮಾದಯ್ಯ ಒಳಗೆ ಓಡಿದ. ಇನ್‌ಸ್ಪೆಕ್ಟರು ಕೆಮ್ಮುತ್ತ ಹೊರಗೆ ಬಂದರು, ಕೇಳಿದರು, ಹಾಗೇ ಹಿಂದಿರುಗಿ ಫೋನು ಹಿಡಿದರು. ಠಾಣೆಗೆ ಬಾಣಂತಿ ಬರುತ್ತಾಳೆಂದ ಕೂಡಲೇ ನರಸೀಪುರದ ಕಡೆಯವರಿಗೂ ರೈಲಿನವರಿಗೂ ಅಬಕಾರಿಯವರಿಗೂ ಹಂಡೆಯ ಮೇಲಿನ ಆಸಕ್ತಿ ಒಟ್ಟಿಗೇ ಹೋಯಿತು. ಕಾಗದಗಳೆಲ್ಲ ಕೋರ್ಟು ಸೇರಿದವು. ಕರೆದಾಗ ತಂದು ತೋರಿಸಬೇಕೆಂದು ಮುಚ್ಚಳಿಕೆ ಬರೆಸಿಕೊಂಡು ಮ್ಯಾಜಿಸ್ಟ್ರೇಟರು ಹಂಡೆಯನ್ನು ಬಿಟ್ಟುಕೊಟ್ಟರು.

ಕಳ್ಳ ಸಿಕ್ಕಮೇಲೆ ಕೋರ್ಟಿನಿಂದ ಕರೆ ಬಂತು. ಮುತ್ತಮ್ಮ ಬಸ್ಸಿಳಿದು ಹಂಡೆ ಹೊತ್ತು ಹಾಜರಾದಳು.

"ಇದು ಅದೇ ಹಂಡೆಯೇನಮ್ಮ?" ಎಂದರು ಮ್ಯಾಜಿಸ್ಟ್ರೇಟರು.

"ಮುಟ್ಟಿ ನೋಡಿ ಬುದ್ದಿ, ಇನ್ನೂ ಬೆಚ್ಚಗದೆ. ಬಿರ್‍ರನೆ ಮುಗಿಸ್ಬುಡಿ, ಸಂಜೆ ಕೂಸಿಗೆ ನೀರು ಉಯ್ಬೇಕು."

ಪಕ್ಕದಲ್ಲಿದ್ದ ಮಾದಯ್ಯ ಮುಟ್ಟಿ ನೋಡಿದ. ಮಸಿಯಾದ ಬೆರಳನ್ನು ಎತ್ತಿ ಹಿಡಿದು, "ಹೌದು ಸಾ" ಎಂದ.