ಒಲೆಯ ಮೇಲಿನ ಪೊಟ್ಟಣ

ಜಾವಾ ಬಿಟ್ಟು ಕಡಲಾಚೆಯ ಲಾಂಪುಂಗಿನ ಕೆಂಪು ನೆಲಕ್ಕೆ ಮೊದಲು ಬಂದವರಲ್ಲಿ ಲಸ್ಮಿರಾಳೂ ಒಬ್ಬಳು. ಕಾಡು ಕಡಿದ ಹೊಸ ನೆಲದಲ್ಲಿ ಸೋಯಾ ಹಳದಿಯಾಗಿ ಮುರುಟುತ್ತದೆ ಎಂದು ಅಪ್ಪ ಹೇಳಿದ್ದ. ಅದಕ್ಕೇ ಅವನ ಹಳೆಯ ಸೋಯಾ ಹೊಲದ ಮಣ್ಣನ್ನು ಬುಟ್ಟಿ ತುಂಬ ಹೊತ್ತು ತಂದು, ಬೀಜಕ್ಕೆ ಬೆರೆಸಿ ಬಿತ್ತಿದಳು. "ಎಲ್ರೂ ಪಾತ್ರೆ ಪಡಗ ತಂದ್ರೆ, ನಮ್ಮೋಳು ಮಣ್ಣು ಹೊತ್ಕೊಂಡ್ ಬಂದವ್ಳೆ ನೋಡ್ರಪ್ಪಾ," ಎಂದು ಗಂಡ ಕಾರ್ಮಿನ್ ಹಡಗಿನಲ್ಲೆಲ್ಲ ಆಡಿಕೊಂಡು ನಕ್ಕಿದ್ದ. ಬೆಳೆ ಬಂದ ಮೇಲೆ ಬಾಯಿ ಮುಚ್ಚಿದ.

ಆ ಬೆಳೆಯ ಧೈರ್ಯದಿಂದಲೇ ಲಸ್ಮಿರಾ ತಂಗಿ ವಾರ್ಸಿನಿಯನ್ನು ಕರೆಸಿಕೊಂಡಳು. ಆರು ವರ್ಷ ಅವಳ ಮುಖ ಕಾಣದೆ ಕೊರಗಿದ್ದಳು. ಈಗ ಪಕ್ಕದ ಹೊಲವೇ ತಂಗಿಯದು. ಆದರೆ ಅವರ ಮೊದಲ ಭತ್ತವನ್ನು ಕಾಡುಹಂದಿಗಳು ಮುಗಿಸಿದವು. "ಸೋಯಾನೂ ಕೈಕೊಟ್ರೆ ಗಂಟುಮೂಟೆ ಕಟ್ಟೋದೇ," ಎಂದ ತಂಗಿಯ ಗಂಡ.

ಅದೇ ಸಮಯಕ್ಕೆ ಕೃಷಿ ಸಹಾಯಕ ಸುಗಿಯಾರ್ತೊ ಹಳಬರಿಗೆ ಮನೆಗೊಂದು ಪೊಟ್ಟಣ ಹಂಚಿದ. ಸೋಯಾ ಬೇರಿನಲ್ಲಿ ಗಂಟು ಕಟ್ಟಿ, ಗಾಳಿಯಲ್ಲಿನ ಸಾರವನ್ನು ಗಿಡಕ್ಕೆ ಉಣಿಸುವ ಸೂಕ್ಷ್ಮಜೀವಿಗಳು ಅದರಲ್ಲಿದ್ದವು; ಅಪ್ಪನ ಹೊಲದ ಮಣ್ಣಿನಲ್ಲಿದ್ದವೂ ಇವೇ. ತಂಪಿನಲ್ಲಿಡಿ ಎಂದನೋ ಇಲ್ಲವೋ, ಅಂದಿದ್ದರೂ ಆ ಗದ್ದಲದಲ್ಲಿ ಯಾರಿಗೆ ಕೇಳಿಸಬೇಕು? ಲಸ್ಮಿರಾ ತನ್ನ ಪಾಲಿನದನ್ನು ತಂಗಿಗೆಂದೇ ಎತ್ತಿಟ್ಟಳು. ಸರ್ಕಾರದ ಪೊಟ್ಟಣ ಕೈಯಲ್ಲಿರುವಾಗ ಒಡಹುಟ್ಟಿದವಳಿಗೆ ಯಾರಾದರೂ ಮಣ್ಣು ಕೊಡುತ್ತಾರೆಯೇ? ಇಟ್ಟದ್ದು ಬಿತ್ತನೆಯ ಜೋಳದ ತೆನೆ ಇಡುವ ಜಾಗದಲ್ಲಿ, ಒಲೆಯ ಮೇಲಿನ ಅಟ್ಟದಲ್ಲಿ. ಹೊಗೆ ತಾಗಿದರೆ ಹುಳ ಬೀಳುವುದಿಲ್ಲ ಎಂದು ಬೀಜವೆಲ್ಲ ಅಲ್ಲೇ ಇರುವುದು. ಅಯ್ಯೋ, ಆ ಜಾಣತನಕ್ಕಿಷ್ಟು ಬೆಂಕಿ ಹಾಕ! ಮೂರು ವಾರ ಪೊಟ್ಟಣ ಅಲ್ಲಿ ಬೆಂದಿತು.

ತಂಗಿಯ ಬೀಜಕ್ಕೆ ಅದನ್ನೇ ಬೆರೆಸಿ ಬಿತ್ತಿ ತಿಂಗಳಾಗುವಷ್ಟರಲ್ಲಿ ಬದುವಿನ ಈಚೆ ಹಸಿರು, ಆಚೆ ಹಳದಿ. ಸುಗಿಯಾರ್ತೊ ಬಂದು ತಂಗಿಯ ಹೊಲದ ಗಿಡ ಕಿತ್ತು ನೋಡಿದ. ಬೇರು ಬೋಳು. ಪೊಟ್ಟಣ ಎಲ್ಲಿತ್ತೆಂದು ಕೇಳಿ ಹಣೆ ಚಚ್ಚಿಕೊಂಡ.

"ಅಲ್ಲಮ್ಮಾ, ಅದು ಜೀವ ಇರೋದು! ಜೀವ ಇರೋದನ್ನ ಒಲೆ ಮೇಲೆ ಇಡ್ತಾರಾ? ಮತ್ತೆ ಬಿತ್ತೋಣ ಅಂದ್ರೆ ಮಳೆಗಾಲಾನೂ ಮುಗೀತಾ ಬಂತು."

ಲಸ್ಮಿರಾ ತಂಗಿಯ ಮನೆಗೆ ಓಡಿದಳು. ಅಲ್ಲಿ ಆಗಲೇ ಗಂಟು ಕಟ್ಟುತ್ತಿದ್ದರು.

"ವಾರ್ಸಿ, ನಂಗೊತ್ತಾಗ್ಲಿಲ್ಲ ಕಣೇ. ನಿಂಗೆ ಒಳ್ಳೇದೇ ಸಿಗ್ಲಿ ಅಂತ..."

"ಅಂಗೈ ಹುಣ್ಣಿಗೆ ಕನ್ನಡಿ ಯಾಕಕ್ಕಾ? ನಿನ್ನ ಹೊಲ ನೋಡು, ನನ್ನ ಹೊಲ ನೋಡು. ಅದು ಅಪ್ಪನ ಹೊಲದ ಮಣ್ಣು, ನಾನೇನು ಅವನ ಮಗಳಲ್ವಾ? ಒಂದು ಬೊಗಸೆ ಕೊಡೋಕೆ ನಿಂಗೆ ಕೈ ಬರ್ಲಿಲ್ಲ."

ಮಾರನೆಯ ದಿನ ಮರ ಸಾಗಿಸುವ ಲಾರಿ ಹತ್ತಿ ತಂಗಿಯ ಮನೆಯವರು ಹೊರಟುಹೋದರು. ಲಸ್ಮಿರಾ ಬರೆದ ಕಾಗದಗಳಿಗೆ ಉತ್ತರ ಬರಲಿಲ್ಲ. ತಂಗಿಯನ್ನು ಓಡಿಸಿದವಳು ಎಂದು ಊರು ಆಡಿಕೊಂಡಿತು.

ಮುಂದಿನ ಮಳೆಗೆ ಆ ಹೊಲಕ್ಕೆ ಬೇರೆ ಸಂಸಾರ ಬಂತು. ಯಾರೂ ಕೇಳದೆಯೇ ಲಸ್ಮಿರಾ ತನ್ನ ಹೊಲದಿಂದ ಹತ್ತು ಬುಟ್ಟಿ ಮಣ್ಣು ಹೊತ್ತು ಅಲ್ಲಿ ಚೆಲ್ಲಿದಳು. ಸೋಯಾ ತೊಡೆಯೆತ್ತರ ಬೆಳೆದು ಕಾಯಿ ಜಗ್ಗಿತು.

"ಎಲ್ಲಾ ನಿಮ್ಮ ಕೈಗುಣ, ಅಕ್ಕಾ," ಎಂದಳು ಆ ಮನೆಯ ಹೆಂಗಸು, ಬದುವಿನ ಮೇಲೆ ನಿಂತು.

"ನನ್ನನ್ನ ಅಕ್ಕ ಅನ್ಬೇಡ," ಎಂದು ಸಿಡುಕಿ, ಲಸ್ಮಿರಾ ಕುಡುಗೋಲು ಎತ್ತಿಕೊಂಡು ತನ್ನ ಹೊಲಕ್ಕೆ ಇಳಿದಳು.